ಕಾರಿನ ಬದಲು ಬುಲೆಟ್‌ಗೆ ಸೈಡ್‌ಕಾರ್: ಮೈಸೂರಿನಲ್ಲಿ ಬಳಸಿ ನೋಡಿದ ಮೇಲೆ

ಮಂಡಿನೋವಿನ ಹಿರಿಯರು ಬೈಕ್ ಹತ್ತಲಾರರು, ಕಾರಿಗೆ ದುಡ್ಡು ಸಾಲದು ಅನ್ನುವ ಮನೆಗೆ 350 ಸಿಸಿ ಬುಲೆಟ್‌ಗೆ ಸೈಡ್‌ಕಾರ್ (ಬೈಕಿನ ಪಕ್ಕಕ್ಕೆ ಜೋಡಿಸುವ, ಒಂದು ಚಕ್ರವಿರುವ, ಕೂರುವ ತೊಟ್ಟಿ) ಕಟ್ಟಿಸುವುದು ಒಳ್ಳೆಯ ದಾರಿಯೇ. ಕೆ.ಆರ್. ಆಸ್ಪತ್ರೆ, ದೇವರಾಜ ಮಾರುಕಟ್ಟೆ ಕಡೆಯ ಓಡಾಟಕ್ಕೆ ಧಾರಾಳ ಸಾಕು. ಪಾರ್ಕಿಂಗ್ ಸುಲಭ ಅಂದುಕೊಳ್ಳಬೇಡಿ, ಅಗಲ ಸಣ್ಣ ಕಾರಿನಷ್ಟೇ.

ಓಡಿಸುವುದನ್ನು ಮೊದಲಿನಿಂದ ಕಲಿಯಬೇಕು. ಗಾಡಿ ವಾಲುವುದಿಲ್ಲ, ಹ್ಯಾಂಡಲ್ ತಿರುಗಿಸಿಯೇ ತಿರುಗಬೇಕು. ತೊಟ್ಟಿ ಎಡಕ್ಕಿರುವುದರಿಂದ ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಮೂರನೇ ಚಕ್ರಕ್ಕೂ ಬ್ರೇಕ್ ಇದ್ದರೆ ಬಲಕ್ಕೆ ಎಳೆಯುವುದು ತಗ್ಗುತ್ತದೆ. ಅದಕ್ಕೆ ಜುಗ್ಗತನ ಬೇಡ. ತೊಟ್ಟಿ ಖಾಲಿಯಿದ್ದರೆ ಎಡ ತಿರುವಿನಲ್ಲಿ ಆ ಚಕ್ರ ಮೇಲೇಳುತ್ತದೆ. ಚಾಮುಂಡಿ ಬೆಟ್ಟಕ್ಕೆ ಒಬ್ಬರೇ ಹೋಗುವುದಾದರೆ 20–25 ಕೆ.ಜಿ. ಮರಳಿನ ಮೂಟೆ ಹಾಕಿಕೊಳ್ಳಿ. ಇನ್ನು ಗುಂಡಿ: ಒಂದು ಚಕ್ರ ತಪ್ಪಿಸಿದರೆ ಇನ್ನೊಂದು ಬಿದ್ದೇ ಬೀಳುತ್ತದೆ.

ಎಲ್ಲ ನಿಂತಿರುವುದು ಅಲೈನ್‌ಮೆಂಟ್, ಅಂದರೆ ಚಕ್ರಗಳನ್ನು ಸರಿಯಾದ ಕೋನಕ್ಕೆ ಕೂರಿಸುವುದರ ಮೇಲೆ. ಬೈಕಿನ ಎರಡೂ ಟೈರ್‌ಗೆ ತಾಗಿಸಿ ಒಂದು ನೇರ ಪಟ್ಟಿ, ಸೈಡ್‌ಕಾರ್ ಟೈರ್‌ಗೆ ಇನ್ನೊಂದು ಇಟ್ಟು ಅಳೆಯಬೇಕು. ಆ ಎರಡು ಪಟ್ಟಿಗಳ ಮುಂದಿನ ಅಂತರ ಹಿಂದಿನದಕ್ಕಿಂತ 15–20 ಮಿ.ಮೀ. ಕಡಿಮೆ ಬರಬೇಕು, ಬೈಕ್ ಒಂದೆರಡು ಡಿಗ್ರಿ ಬಲಕ್ಕೆ, ಅಂದರೆ ಹೊರಕ್ಕೆ, ವಾಲಿರಬೇಕು. ಅಳೆಯುವಾಗ ಸವಾರ ಸೀಟಿನ ಮೇಲೇ ಇರಲಿ. ಟೈರ್ ಮೇಲೆ ಅಡ್ಡಲಾಗಿ ಅಂಗೈ ಸವರಿದಾಗ ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ತಾಗಿದರೆ ಅಲೈನ್‌ಮೆಂಟ್ ಹೋಗಿದೆ ಅಂತಲೇ. ಸೈಡ್‌ಕಾರನ್ನು ಬೈಕಿಗೆ ಹಿಡಿದಿಡುವ ಕ್ಲಾಂಪ್ ಬೋಲ್ಟುಗಳನ್ನು ಮೊದಲ 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿಸಿ, ಕೆಳಗಿನ ಬೆಸುಗೆಯಲ್ಲಿ ಬಿರುಕಿದೆಯೇ ನೋಡಿ. ಅಡ್ಡ ಒತ್ತಡ ಬೀಳುವುದರಿಂದ ಹಿಂಚಕ್ರದ ಸ್ಪೋಕ್ ಸಡಿಲವಾಗುತ್ತದೆ. ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಒಂದೆರಡು ಹಲ್ಲು ಚಿಕ್ಕದು ಹಾಕಿದರೆ ಕ್ಲಚ್ ಮೇಲಿನ ಭಾರ ಇಳಿಯುತ್ತದೆ, ವೇಗವೂ ಇಳಿಯುತ್ತದೆ.

ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಗೆ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗೂ ಆಟೋಗೂ ಪ್ರವೇಶವಿಲ್ಲ. ಮಂಡ್ಯಕ್ಕೆ ಹೋಗುವುದಿದ್ದರೆ ಸರ್ವೀಸ್ ರಸ್ತೆಯೇ ಗತಿ.

ಮಳೆಗೆ ಟಾರ್ಪಾಲಿನ್ ಹುಡ್ ಸಾಕು. ಆದರೆ ತೊಟ್ಟಿಯ ತಳದಲ್ಲಿ ನೀರು ಹೋಗಲು ಎರಡು ತೂತು ಕೊರೆಸಿಯೇ ತನ್ನಿ. ಇಲ್ಲದಿದ್ದರೆ ಮ್ಯಾಟ್ ಕೆಳಗಿನ ತಗಡು ತುಕ್ಕು ಹಿಡಿದು ತೂತು ತಾನೇ ಬೀಳುತ್ತದೆ.