ಒಂಡಾನ್‌ಸೆಟ್ರಾನ್: ಅಮ್ಮನ ಕಿಮೋ ಶುರುವಾದಾಗಿನಿಂದ ಮನೆಯಲ್ಲಿರುವ ವಾಂತಿ ಮಾತ್ರೆಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಮಾತ್ರೆ ಚೆನ್ನಾಗಿದೆ. ಅಮ್ಮನಿಗೆ ಮಂಗಳೂರಿನಲ್ಲಿ ಕಿಮೋ ಶುರುವಾದಾಗ ನಮ್ಮ ಮನೆಗೆ ಬಂದ ಮದ್ದು ಇದು. ಮಧ್ಯೆ ಸ್ವಲ್ಪ ಕಾಲ ಬೇಕಾಗಿರಲಿಲ್ಲ. ಕಾಯಿಲೆ ಮತ್ತೆ ಕಾಣಿಸಿಕೊಂಡ ಮೇಲೆ ಪುನಃ ಬಂತು. ಇಷ್ಟು ವರ್ಷ ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಚಿಕಿತ್ಸೆಗೆ ಹೋಗುವವರು ತುಂಬಾ ಜನ ಇದ್ದಾರೆ. ಆಸ್ಪತ್ರೆಯಲ್ಲಿ ಎಲ್ಲ ಹೇಳಿಕೊಡುತ್ತಾರೆ ನಿಜ. ಆದರೆ ಆ ಗಡಿಬಿಡಿಯಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ, ಉಳಿದರ್ಧ ಮನೆ ಮುಟ್ಟುವಾಗ ಮರೆತಿರುತ್ತದೆ.

ಒಂಡಾನ್‌ಸೆಟ್ರಾನ್ ಮದ್ದಿನ ಹೆಸರು. ಅಂಗಡಿಯಲ್ಲಿ ಎಮೆಸೆಟ್, ಒಂಡೆಮ್, ವೊಮಿಕೈಂಡ್ ಹೀಗೆ ಬೇರೆ ಬೇರೆ ಬ್ರ್ಯಾಂಡಿನಲ್ಲಿ ಸಿಗುತ್ತದೆ. ಗ್ಲ್ಯಾಕ್ಸೊ ಕಂಪೆನಿಯವರು ಕಂಡುಹಿಡಿದದ್ದು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಕಿಮೋ ಮದ್ದು ಕರುಳಿನ ಒಳಪದರಕ್ಕೆ ತಾಗಿದಾಗ ಅಲ್ಲಿನ ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ. ಅದು ಹತ್ತಿರದ ನರವನ್ನು ಕೆಣಕುತ್ತದೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ವಾಂತಿ ಬರುತ್ತದೆ. ಸೆರೊಟೋನಿನ್ ಆ ನರಕ್ಕೆ ತಾಗದಂತೆ ತಡೆಯುವುದು ಈ ಮಾತ್ರೆಯ ಕೆಲಸ. ಇಷ್ಟು ಗೊತ್ತಿದ್ದರೆ ಇದನ್ನು ಯಾಕೆ ವಾಂತಿ ಬರುವ ಮೊದಲೇ ನುಂಗಬೇಕು, ಯಾಕೆ ಕಂಡಕಂಡ ವಾಂತಿಗೆಲ್ಲ ಆಗುವುದಿಲ್ಲ ಎನ್ನುವುದು ತಾನಾಗಿ ಅರ್ಥವಾಗುತ್ತದೆ.

ಕಿಮೋ ದಿನ ಡ್ರಿಪ್ ಹಾಕುವ ಮೊದಲು ಆಸ್ಪತ್ರೆಯಲ್ಲೇ ವಾಂತಿಯ ಇಂಜೆಕ್ಷನ್ ಕೊಡುತ್ತಾರೆ, ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಮನೆಗೆ ಅಮ್ಮನ ಚೀಟಿಯಲ್ಲಿ ಬರೆದದ್ದು 8 ಮಿಲಿಗ್ರಾಂ ಮಾತ್ರೆ, 12 ಗಂಟೆಗೊಂದು, ಕಿಮೋ ಆದ ಮೇಲೆ ಎರಡು ದಿನ. ಇದು ಅಮ್ಮನ ಲೆಕ್ಕ. ನಿಮ್ಮವರಿಗೆ ಕೊಡುವ ಕಿಮೋ ಬೇರೆಯಾದರೆ ಲೆಕ್ಕವೂ ಬೇರೆ ಇರುತ್ತದೆ. ಅಮ್ಮ ಮೊದಮೊದಲು ಕೇಳುತ್ತಿದ್ದರು: "ಈಗ ಓಕರಿಕೆ ಏನೂ ಇಲ್ವಲ್ಲ, ಸುಮ್ನೆ ಯಾಕೆ ಮಾತ್ರೆ?" ಓಕರಿಕೆ ಇಲ್ಲದಿರುವಾಗ ನುಂಗಿದರೇನೇ ಪ್ರಯೋಜನ. ಒಮ್ಮೆ ವಾಂತಿ ಹಿಡಿದುಕೊಂಡರೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಮೊದಲ ದಿನದ ಮಟ್ಟಿಗೆ ಇದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ. ಹೆದ್ದಾರಿಯ ಧೂಳು, ಬಿಸಿಲು, ಕುಂಬಳೆಯಿಂದ ಒಳಗೆ ತಿರುಗಿದ ಮೇಲೆ ರಸ್ತೆಯ ತಿರುವುಗಳು, ಇಷ್ಟೆಲ್ಲ ಇದ್ದರೂ ಅಮ್ಮ ಕಾರಿನಲ್ಲಿ ನಿದ್ದೆ ಮಾಡಿಕೊಂಡೇ ಮನೆ ತಲುಪುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಟ್ಟರೆ ಲೋಟ ಖಾಲಿ. ನೋಡುವ ನಮಗೆ ಅದೇ ಎಷ್ಟು ದೊಡ್ಡ ಸಮಾಧಾನ ಎಂದು ಮನೆಯಲ್ಲಿ ಕಿಮೋ ನೋಡಿದವರಿಗೆ ಗೊತ್ತು.

ಮೂರನೇ ದಿನದ ಕಥೆ ಬೇರೆ. ವಾಂತಿ ಇಲ್ಲ, ಆದರೆ ಓಕರಿಕೆ ಬಿಡುವುದಿಲ್ಲ. ಒಗ್ಗರಣೆಯ ವಾಸನೆ ಬಂದರೆ ಸಾಕು, ಅಮ್ಮ ಸೆರಗು ಮೂಗಿಗೆ ಹಿಡಿದು ಹಿಂದಿನ ಜಗಲಿಗೆ ಹೋಗಿ ಕೂರುತ್ತಿದ್ದರು. ಮಾತ್ರೆ ಕೈಕೊಟ್ಟಿತು ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಡಾಕ್ಟರು ವಿವರಿಸಿದರು. ಕಿಮೋ ಆಗಿ ಒಂದು ದಿನ ಕಳೆದ ಮೇಲೆ ಬರುವ ಓಕರಿಕೆಯಲ್ಲಿ ಸೆರೊಟೋನಿನ್‌ನ ಪಾತ್ರ ಕಡಿಮೆ, ಬೇರೆ ರಾಸಾಯನಿಕದ್ದು ಜಾಸ್ತಿ. ಹಾಗಾಗಿ ಅಲ್ಲಿ ಒಂಡಾನ್‌ಸೆಟ್ರಾನ್ ಅಷ್ಟು ಸಾಲದು. ಅಪ್ರೆಪಿಟಂಟ್ ಎಂಬ ಕ್ಯಾಪ್ಸೂಲ್ ಅಥವಾ ರಾತ್ರಿ ಸಣ್ಣ ಡೋಸ್ ಒಲಾಂಜಪಿನ್ ಸೇರಿಸುತ್ತಾರೆ. ಅಮ್ಮನಿಗೆ ಒಲಾಂಜಪಿನ್ ಬರೆದರು. ಅದು ಮನೋರೋಗಕ್ಕೆ ಕೊಡುವ ಮದ್ದು ಎಂದು ಯಾರೋ ಹೇಳಿ ಮನೆಯಲ್ಲಿ ಎಲ್ಲರೂ ಹೆದರಿದರು. ಕಿಮೋ ಓಕರಿಕೆಗೆ ಅದನ್ನು ಕೊಡುವುದು ಈಗ ರೂಢಿಯಲ್ಲಿದೆ, ಹೆದರಬೇಕಾಗಿಲ್ಲ. ನಿದ್ದೆ ಜಾಸ್ತಿ ಬರುತ್ತದೆ, ರಾತ್ರಿ ಏಳುವಾಗ ಯಾರಾದರೂ ಕೈ ಹಿಡಿಯಬೇಕು, ಅಷ್ಟು ಜಾಗ್ರತೆ ಬೇಕು. ನಿಮಗೂ ಮೂರನೇ ದಿನ ಹೀಗಾದರೆ ಒಂಡಾನ್‌ಸೆಟ್ರಾನ್ ಮಾತ್ರೆಯನ್ನು ಮನೆಯಲ್ಲೇ ಹೆಚ್ಚಿಸಬೇಡಿ. ಫೋನ್ ಮಾಡಿ, ಮುಂದಿನ ಕಿಮೋಗೆ ಮೊದಲು ಡಾಕ್ಟರಿಗೆ ಹೇಳಿ.

ಇನ್ನು ಕೊಳ್ಳುವ ವಿಷಯ. ಸ್ಟ್ರಿಪ್ಪಿನ ಹಿಂದೆ ಆರ್‌ಎಕ್ಸ್ ಗುರುತೂ, ಶೆಡ್ಯೂಲ್ ಎಚ್ ಮದ್ದು, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂಬ ಎಚ್ಚರಿಕೆಯೂ ಇರುತ್ತದೆ. ಆದರೂ ಚೀಟಿ ಕೇಳದೆ ಕೊಡುವ ಮೆಡಿಕಲ್‌ಗಳಿವೆ. ಕೇಳಿದ ಅಂಗಡಿಯವನ ಮೇಲೆ ಸಿಟ್ಟಾಗುವವರನ್ನೂ ನೋಡಿದ್ದೇನೆ. ನನಗಂತೂ ಚೀಟಿ ಕೇಳುವ ಅಂಗಡಿಯೇ ಇಷ್ಟ. ಅಲ್ಲಿಯೇ ಅಲ್ವಾ, "ಅಮ್ಮನಿಗೆ ಬೇರೆ ಯಾವ ಮಾತ್ರೆ ನಡೀತಾ ಉಂಟು?" ಎಂದು ಕೂಡ ಕೇಳುವುದು.

ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಒಂಡಾನ್‌ಸೆಟ್ರಾನ್ ಇದೆ, ಹಾಗಾಗಿ ಬೆಲೆಗೆ ಸರಕಾರದ ಮಿತಿ ಇದೆ, ಕೈ ಸುಡುವಷ್ಟು ಆಗುವುದಿಲ್ಲ. ಜನೌಷಧಿಯಲ್ಲಿ ಇನ್ನೂ ಕಡಿಮೆ. ನಮಗೆ ಅಲ್ಲಿ ಬ್ರ್ಯಾಂಡಿನ ಅರ್ಧ ಬೆಲೆಗಿಂತ ಕಡಿಮೆಗೆ ಸಿಕ್ಕಿದೆ, ಕೆಲಸದಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ. ಕೇರಳ ಸರಕಾರದ ಕಾರುಣ್ಯ ಫಾರ್ಮಸಿಯಲ್ಲೂ ವಿಚಾರಿಸಬಹುದು. ಎಲ್ಲಿ ಕೊಂಡರೂ ಬಿಲ್ ಹಾಕಿಸಿ, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಎರಡು ಮಾತ್ರೆ ಸಾಕೆಂದು ಸ್ಟ್ರಿಪ್ ಕತ್ತರಿಸಿಕೊಡುವಾಗ ಹೆಸರು, ಅವಧಿಯ ದಿನಾಂಕ ಇರುವ ತುಂಡು ಬೇಕು ಎಂದು ಹೇಳಿ. ಹೆಸರಿಲ್ಲದ ಬೆಳ್ಳಿ ಕಾಗದದ ತುಂಡು ಡಬ್ಬಿಯಲ್ಲಿ ಬಿದ್ದಿದ್ದರೆ ಅದು ವಾಂತಿಯದ್ದೋ ಬಿಪಿಯದ್ದೋ ಯಾರಿಗೂ ತಿಳಿಯುವುದಿಲ್ಲ.

ಹೆಸರಿನ ಗೊಂದಲ ಎಷ್ಟು ದೂರ ಹೋಗಬಹುದು ಎಂದು ತೋರಿಸಿಕೊಟ್ಟದ್ದು ಪಾಲಿಯೇಟಿವ್ ಸಿಸ್ಟರ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆಯ ನರ್ಸ್. ಪಾಲಿಯೇಟಿವ್ ಆರೈಕೆಗೆ 2008ರಲ್ಲೇ ನೀತಿ ಮಾಡಿದ ರಾಜ್ಯ ಕೇರಳ. ಪಂಚಾಯತಿನ ಕಡೆಯಿಂದ ನರ್ಸ್ ಮನೆಗೇ ಬರುತ್ತಾರೆ, ನಮ್ಮ ಊರಿನವರಿಗೆ ಇದೊಂದು ದೊಡ್ಡ ಆಧಾರ. ಸಿಸ್ಟರ್ ಬಂದು ಮೊದಲು ಬಿಪಿ ನೋಡಿದರು. ಆಮೇಲೆ ಮದ್ದಿನ ಡಬ್ಬಿಯನ್ನು ಜಗಲಿಯ ಚಾಪೆಯ ಮೇಲೆ ಸುರಿದು, ಕನ್ನಡಕ ಹಾಕಿಕೊಂಡು ಒಂದೊಂದೇ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದುತ್ತಾ ಹೋದರು. ಮಂಗಳೂರಿನ ಚೀಟಿಯಲ್ಲಿದ್ದದ್ದು ಒಂದು ಬ್ರ್ಯಾಂಡ್. ಮಧ್ಯೆ ಜ್ವರ ಬಂದಾಗ ಊರಿನಲ್ಲಿ ಬರೆದುಕೊಟ್ಟದ್ದು ಇನ್ನೊಂದು. ಬಣ್ಣ ಬೇರೆ, ಹೆಸರು ಬೇರೆ. ಅಮ್ಮ ಆ ರಾತ್ರಿಗೆಂದು ಎರಡನ್ನೂ ತೆಗೆದಿಟ್ಟಿದ್ದರು. ಸಿಸ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು, "ಅಮ್ಮಾ, ಇದೂ ಅದೇ, ಅದೂ ಅದೇ. ಎರಡನ್ನೂ ತಿಂದರೆ ಡಬಲ್ ಆಗ್ತದೆ" ಎಂದರು. ಹೇಳಿ ಸುಮ್ಮನಾಗಲಿಲ್ಲ. ದಪ್ಪ ಪೆನ್ನು ತರಿಸಿ ಒಂದರ ಮೇಲೆ "ವಾಂತಿ, ಕಿಮೋಗೆ ಮಾತ್ರ" ಎಂದು ಅಮ್ಮನಿಗೆ ಓದಲು ಆಗುವಂತೆ ಕನ್ನಡದಲ್ಲಿ ನನ್ನಿಂದ ಬರೆಯಿಸಿದರು, ಇನ್ನೊಂದನ್ನು ಬೇರೆ ಇಡಲು ಹೇಳಿದರು. ಮಲಯಾಳ ಓದಲು ಬಾರದ ಹಿರಿಯರಿರುವ ಮನೆಗಳಲ್ಲಿ ಮದ್ದಿನ ಕವರನ್ನು ನಂಬಿ ಕೂರಬೇಡಿ, ಹೀಗೆ ಬರೆದಿಡಿ.

ಬಾಯಲ್ಲಿ ಕರಗುವ ಮಾತ್ರೆಯೂ ಇದೆ. ಅದು ಬೇಗ ಕೆಲಸ ಮಾಡುತ್ತದೆ ಎಂದು ಹಲವರ ನಂಬಿಕೆ. ನಾಲಿಗೆಯ ಮೇಲೆ ಕರಗಿ, ಉಗುಳಿನ ಜೊತೆ ಹೊಟ್ಟೆಗೇ ಹೋಗಿ, ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ವೇಗದಲ್ಲಿ ಸಾಮಾನ್ಯ ಮಾತ್ರೆಗಿಂತ ದೊಡ್ಡ ಲಾಭ ಇಲ್ಲ. ಒಂದು ಗುಟುಕು ನೀರೂ ಇಳಿಯದವರಿಗೆ ಮಾತ್ರ ಅದು ನಿಜಕ್ಕೂ ಉಪಕಾರ. ಒಣ ಕೈಯಲ್ಲಿ ಹಿಂದಿನ ಹಾಳೆಯನ್ನು ಸುಲಿದು ತೆಗೆಯಬೇಕು, ಬೇರೆ ಮಾತ್ರೆಯ ಹಾಗೆ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಆಟಿಯ ಮಳೆಗೆ ಕೈಯ ಪಸೆಯೇ ಸಾಕು, ಬೆರಳಲ್ಲೇ ಕರಗಲು ಶುರುವಾಗುತ್ತದೆ. ಅಮ್ಮನಿಗೆ ಅದರ ಸಿಹಿ ರುಚಿಯೇ ಓಕರಿಕೆ ತರಿಸುತ್ತಿತ್ತು, ಅದಕ್ಕೆ ನಾವು ಮಾಮೂಲಿಗೇ ಮರಳಿದೆವು. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಬಹುದು, ಆಮೇಲೆ ಆದರೆ ಮುಂದಿನ ಹೊತ್ತಿಗೆ ಕಾಯಬೇಕು ಎಂದು ನಮ್ಮ ಡಾಕ್ಟರು ಹೇಳಿದ್ದರು. ನಿಮ್ಮ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ, ರಾತ್ರಿ ಹೊತ್ತು ಕೇಳಲು ಯಾರೂ ಸಿಗುವುದಿಲ್ಲ.

ತೊಂದರೆಗಳಲ್ಲಿ ಅಮ್ಮನನ್ನು ಜಾಸ್ತಿ ಕಾಡಿದ್ದು ಮಲಬದ್ಧತೆ. ಈ ಮದ್ದು ಕರುಳಿನ ಚಲನೆಯನ್ನೂ ನಿಧಾನ ಮಾಡುತ್ತದೆ. ಮೊದಲೇ ಊಟ ಕಡಿಮೆ, ನಡೆದಾಟ ಕಡಿಮೆ. ಬಸಳೆ, ಬಾಳೆಹಣ್ಣು, ಬಿಸಿನೀರು ಇವುಗಳಿಂದ ಸ್ವಲ್ಪ ಆಗುತ್ತದೆ, ಪೂರ್ತಿ ಆಗುವುದಿಲ್ಲ. ಎರಡನೇ ಸುತ್ತಿನಲ್ಲಿ ಡಾಕ್ಟರು ಮಾತ್ರೆಯ ಜೊತೆಗೇ ಲ್ಯಾಕ್ಟುಲೋಸ್ ಸಿರಪ್ ಬರೆದರು. ಹೀಗೆ ಬರೆಯಬಹುದೇ ಎಂದು ನಾವೇ ಕೇಳಬಹುದು, ನಾಚಿಕೆಪಡುವ ವಿಷಯ ಅಲ್ಲ. ಹೊಟ್ಟೆ ಉಬ್ಬಿ, ನೋವಿದ್ದು, ಗಾಳಿಯೂ ಹೋಗದಿದ್ದರೆ ಮಾತ್ರ ಸಿರಪ್ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ತಲೆನೋವೂ ಬರುತ್ತದೆ, ಅಮ್ಮನಿಗೆ ತಾನಾಗಿ ಇಳಿಯುತ್ತಿತ್ತು.

ಜಾಸ್ತಿ ಜನಕ್ಕೆ ತಿಳಿಯದ ವಿಷಯ ಹೃದಯದ್ದು. ಈ ಮದ್ದು ಕೆಲವರಲ್ಲಿ ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಹುದು, ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ. ಒಂದೇ ಸಲಕ್ಕೆ 32 ಮಿಲಿಗ್ರಾಂ ಇಂಜೆಕ್ಷನ್ ಕೊಡುವುದನ್ನು ಅಮೆರಿಕದಲ್ಲಿ 2012ರಲ್ಲಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆ ಇದ್ದವರಿಗೆ ಅಪಾಯ ಜಾಸ್ತಿ, ಮತ್ತು ವಾಂತಿ ಭೇದಿ ಆದವರಲ್ಲಿಯೇ ಅವು ಕಡಿಮೆಯಾಗುವುದು. ಮೂತ್ರ ಹೋಗುವ ಬಿಪಿ ಮಾತ್ರೆಯಿಂದಲೂ ಅವು ಕಡಿಮೆಯಾಗಬಹುದು, ಅಮ್ಮ ಅದನ್ನು ತೆಗೆದುಕೊಳ್ಳುತ್ತಿದ್ದರಿಂದ ಡಾಕ್ಟರು ಇಸಿಜಿ, ರಕ್ತ ಪರೀಕ್ಷೆ ಎರಡೂ ಮಾಡಿಸಿದರು. ಕಿಮೋ ಮಧ್ಯೆ ಬಾಯಲ್ಲಿ ಬಿಳಿ ಅಗ್ರ ಬಂದರೆ ಕೊಡುವ ಫ್ಲುಕೊನಜೋಲ್, ಕೆಮ್ಮು ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್, ಇವೂ ಅದೇ ಲಯಕ್ಕೆ ಕೈ ಹಾಕುವ ಮದ್ದುಗಳು. ಖಿನ್ನತೆಯ ಕೆಲವು ಮಾತ್ರೆಗಳು, ನೋವಿನ ಟ್ರಾಮಡಾಲ್ ಇವುಗಳ ಜೊತೆಗೂ ಎಚ್ಚರ ಬೇಕು. ಬೇರೆ ಯಾವ ಡಾಕ್ಟರ ಬಳಿ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ಸ್ಟ್ರಿಪ್ಪನ್ನೇ ತೋರಿಸಿ. ಎದೆ ಡವಡವ ಎಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಲಿವರ್ ತೀರಾ ಕೆಟ್ಟವರಿಗೆ ದಿನಕ್ಕೆ 8 ಮಿಲಿಗ್ರಾಂ ಮೀರಬಾರದು ಎಂಬ ನಿಯಮವೂ ಇದೆ.

ಇದೆಲ್ಲ ಗೊತ್ತಾದ ಮೇಲೆ, "ವಾಂತಿ ಮಾತ್ರೆ ಒಂದು ಕೊಡ್ತೀಯಾ?" ಎಂದು ಯಾರಾದರೂ ಬಂದರೆ ನಾನು ಕೊಡುವುದಿಲ್ಲ. ನೆಂಟರಾದರೂ ಕೊಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಬಿದ್ದ ಹಾಳೆಯಲ್ಲಿ ನೀರು ನಿಂತು ಸೊಳ್ಳೆ ಆಗುತ್ತದೆ, ಡೆಂಗ್ಯೂ ಬರುತ್ತದೆ. ಡೆಂಗ್ಯೂವಿನಲ್ಲಿ ಬಿಡದ ವಾಂತಿ, ಹೊಟ್ಟೆನೋವು ಎಂದರೆ ರೋಗ ಜೋರಾಗುತ್ತಿದೆ ಎನ್ನುವ ಸೂಚನೆ. ಇಲಿಜ್ವರದಲ್ಲೂ, ಕಾಮಾಲೆಯಲ್ಲೂ ವಾಂತಿ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತವೇ ಬರೀ ಬೆವರು, ಓಕರಿಕೆಯಾಗಿ ಬರಬಹುದು. ಮಾತ್ರೆ ನುಂಗಿ ವಾಂತಿ ನಿಂತಿತೆಂದು ಮನೆಯಲ್ಲಿ ಮಲಗಿದರೆ ಆ ಹೊತ್ತು ಕೈತಪ್ಪಿ ಹೋಗುತ್ತದೆ.

ಮಕ್ಕಳಿಗಂತೂ ದೊಡ್ಡವರ ಮಾತ್ರೆ ಮುರಿದು ಕೊಡಲೇಬೇಡಿ. ವಾಂತಿ ಭೇದಿಗೆ ಮೊದಲು ಬೇಕಾದದ್ದು ಓಆರ್‌ಎಸ್. ದೊಡ್ಡ ಪ್ಯಾಕೆಟ್ಟಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿ ಹಾಕಿ, ಚಮಚ ಚಮಚವಾಗಿ ಕುಡಿಸಬೇಕು. ಡಾಕ್ಟರು ಬೇಕೆಂದರೆ ಮಗುವಿನ ತೂಕ ನೋಡಿ ಸಿರಪ್ ಬರೆಯುತ್ತಾರೆ. ಬಸುರಿಯರ ಬೆಳಗಿನ ಓಕರಿಕೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆಯೇ ಬೇರೆ, ಡಾಕ್ಸಿಲಮಿನ್ ಮತ್ತು ಬಿ6 ಸೇರಿದ್ದು, ಅದೂ ಡಾಕ್ಟರು ಹೇಳಿದ ಮೇಲೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವಾಗ ಬಸ್ಸಿನಲ್ಲಿ ಬರುವ ವಾಂತಿಗೆ ಇದನ್ನು ಕೇಳುವವರೂ ಇದ್ದಾರೆ. ಅದು ಒಳಕಿವಿಯಿಂದ ಶುರುವಾಗುವ ವಾಂತಿ, ಅಲ್ಲಿ ಇದರಿಂದ ಅಷ್ಟೇನೂ ಪ್ರಯೋಜನ ಇಲ್ಲ.

ನಮ್ಮ ಮನೆಯಲ್ಲಿ ಈಗ ಸ್ಟ್ರಿಪ್ ಬೇರೆ ಸ್ಟೀಲ್ ಡಬ್ಬಿಯಲ್ಲಿದೆ, ಪಸೆ ತಾಗದ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ. ಅಮ್ಮನ ಚೀಟಿಯ ಜೆರಾಕ್ಸನ್ನು ಮಡಚಿ ಅದರೊಳಗೇ ಇಟ್ಟಿದ್ದೇನೆ. ಕಿಮೋಗೆ ಹೊರಡುವ ಹಿಂದಿನ ದಿನ ಅವಧಿಯ ದಿನಾಂಕ ನೋಡಿ, ಕಡಿಮೆ ಇದ್ದರೆ ಜನೌಷಧಿಗೆ ಫೋನ್ ಮಾಡಿ ಸ್ಟಾಕ್ ಉಂಟಾ ಎಂದು ಕೇಳುತ್ತೇನೆ. ಅಲ್ಲಿ ಕೆಲವೊಮ್ಮೆ 4 ಮಿಲಿಗ್ರಾಂ ಮಾತ್ರ ಇರುತ್ತದೆ. ಆಗ ಎರಡು ಸೇರಿಸಿ ಕೊಡಬಹುದೇ ಎಂದು ಫಾರ್ಮಸಿಸ್ಟರಲ್ಲಿ ಕೇಳಿ, ಅವರು ಹೇಳಿದ್ದನ್ನು ಸ್ಟ್ರಿಪ್ಪಿನ ಮೇಲೇ ಬರೆದುಕೊಂಡು ತರುತ್ತೇನೆ.