ಭಜನೆ, ಪ್ರವಚನ: ಮಂದಿರದಲ್ಲೋ, ಮೊಬೈಲಿನಲ್ಲೋ?

ಮೈಸೂರಿನಂಥ ಊರಿನಲ್ಲಿದ್ದು, ವಾರದ ಸತ್ಸಂಗಕ್ಕೆ ಖುದ್ದಾಗಿ ಹೋಗಬೇಕೇ ಅಥವಾ ಮೊಬೈಲಿನಲ್ಲೇ ಸೇರಿಕೊಂಡರೆ ಸಾಕೇ ಎಂದು ಯೋಚಿಸುತ್ತಿರುವವರು ಪ್ರವಚನವನ್ನೂ ಭಜನೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಒಳ್ಳೆಯದು.

ಪ್ರವಚನದ ಮಟ್ಟಿಗೆ ಮೊಬೈಲಿನದೇ ಮೇಲುಗೈ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಮಂಡಿನೋವಿನಿಂದ ಬಸ್ಸು ಹತ್ತಲಾಗದ ಮದ್ದೂರಿನ ಅಜ್ಜಿಯೂ ಮೈಸೂರಿನ ಉಪನ್ಯಾಸವನ್ನು ಮನೆಯಲ್ಲೇ ಕೇಳಬಹುದಾಗಿದೆ. ಅರ್ಥವಾಗದ ಭಾಗವನ್ನು ಹಿಂದಕ್ಕೆಳೆದು ಮತ್ತೆ ಕೇಳುವ ಸೌಲಭ್ಯ ಯಾವ ಸಭಾಂಗಣದಲ್ಲೂ ಇಲ್ಲ.

ಭಜನೆಯ ಮಾತೇ ಬೇರೆ. ವಿಡಿಯೋ ಕರೆಯಲ್ಲಿ ದನಿ ತಲುಪುವುದು ಸೆಕೆಂಡಿನ ಒಂದಂಶದಷ್ಟಾದರೂ ತಡವಾಗುವುದರಿಂದ ಒಬ್ಬರ ತಾಳಕ್ಕೆ ಇನ್ನೊಬ್ಬರ ತಾಳ ಕೂಡುವುದಿಲ್ಲ. ಕೊನೆಗೆ ಹೇಳಿಕೊಡುವವರೊಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಮೈಕ್ ಆಫ್ ಮಾಡಿಕೊಂಡು, ತಂತಮ್ಮ ಮನೆಯಲ್ಲಿ ಒಂಟಿಯಾಗಿ ಹಾಡಬೇಕಾಗುತ್ತದೆ. ಇದನ್ನು ಸಾಮೂಹಿಕ ಭಜನೆ ಎನ್ನಲು ನನಗಂತೂ ಮನಸ್ಸು ಬಾರದು. ನಡೆದು ಹೋಗುವಷ್ಟು ದೂರದಲ್ಲಿ ಭಜನಾ ಮಂದಿರವಿದ್ದರೆ ಎರಡನೆಯ ಯೋಚನೆಯೇ ಬೇಡ.

ಮೇಲುಕೋಟೆಯ ವೈರಮುಡಿ ಉತ್ಸವದಂಥ ಸಂದರ್ಭದಲ್ಲಿ ತೀರ್ಮಾನ ಇಷ್ಟು ಸುಲಭವಲ್ಲ. ಜನಜಂಗುಳಿಯಲ್ಲಿ ಹಿಂದೆ ನಿಂತವರಿಗೆ ಚೆಲುವನಾರಾಯಣನ ಕಿರೀಟ ದೂರದ ಹೊಳಪಷ್ಟೇ, ನೇರಪ್ರಸಾರದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಆದರೆ ಎದುರಿಗಿರುವವರು ಸರಿದು, ಅಪರಿಚಿತರ ಮಗುವನ್ನು ಮುಂದಕ್ಕೆ ಬಿಡುವ ಔದಾರ್ಯಕ್ಕೆ ಪರದೆಯ ಮುಂದೆ ಅವಕಾಶವಿಲ್ಲ.

ಇನ್ನು ಮಂಡಳಿಯ ವಾಟ್ಸಾಪ್ ಗುಂಪು: ತುರ್ತಾಗಿ ರಕ್ತ ಬೇಕಾದಾಗ ಅದರಷ್ಟು ಬೇಗ ನೆರವಾಗುವುದು ಬೇರೊಂದಿಲ್ಲ, ರಾತ್ರಿ ಹನ್ನೊಂದಕ್ಕೆ ಮಡಿ-ಮೈಲಿಗೆಯ ಜಗಳ ಹೊತ್ತಿಕೊಳ್ಳುವುದೂ ಅಲ್ಲಿಯೇ. ಸೇರಿಕೊಳ್ಳಿ, ಆದರೆ ಸದ್ದು ಬರದಂತೆ ಮಾಡಿಟ್ಟುಕೊಳ್ಳಿ.