ಕೆನಡಾ ಪಿಆರ್‌ಗೆ ‘ಜಾಬ್ ಆಫರ್’ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ ಇದನ್ನು ಓದಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಿಂದ ಕೆನಡಾದ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ಪ್ರಯತ್ನಿಸುತ್ತಿರುವ ಎಂಜಿನಿಯರುಗಳು, ನರ್ಸುಗಳು, ಐಟಿಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ಕನ್ಸಲ್ಟನ್ಸಿಯವರು ನನ್ನಿಂದ ₹4,75,000 ಪಡೆದು, ಅಲ್ಲಿನ ಉದ್ಯೋಗ ಪ್ರಸ್ತಾವ (ಜಾಬ್ ಆಫರ್) ಇದ್ದರೆ ಪಿಆರ್ ಅರ್ಜಿದಾರರಿಗೆ ಸಿಗುತ್ತಿದ್ದ, ಆದರೆ ಕೆನಡಾ ಸರ್ಕಾರ ರದ್ದುಪಡಿಸಿದ್ದ ಅಂಕಗಳನ್ನು ನನಗೆ ಮಾರಿದ್ದಾರೆ. ಆ ಅಂಕಗಳು 2025ರ ಮಾರ್ಚ್ 25ರಂದೇ ಹೋಗಿದ್ದವು. ನನ್ನಿಂದ ಹಣ ಪಡೆದದ್ದು ಅದೇ ವರ್ಷದ ಜುಲೈನಲ್ಲಿ. ಪ್ರಕರಣ ಗ್ರಾಹಕರ ಆಯೋಗಕ್ಕೆ ಹೋಗುತ್ತಿರುವುದರಿಂದ ಹೆಸರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಇದೇ ವ್ಯಾಪಾರ ಮಾಡುವವರು ಬೇರೆ ಊರುಗಳಲ್ಲೂ ಇದ್ದಾರೆ. ಅವರ ಮಾತಿನ ಧಾಟಿ ಕೇಳಿದರೆ ನಿಮಗೇ ಗುರುತು ಸಿಗುತ್ತದೆ.

ನಾನು ಉದ್ಯಮಬಾಗದ ಒಂದು ಬಿಡಿಭಾಗ ತಯಾರಿಕಾ ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗ ನೋಡಿಕೊಳ್ಳುವ ಮೆಕ್ಯಾನಿಕಲ್ ಎಂಜಿನಿಯರ್. ವಿಟಿಯು ಪದವಿ, ಐಇಎಲ್‌ಟಿಎಸ್‌ನಲ್ಲಿ (ಇಂಗ್ಲಿಷ್ ಪರೀಕ್ಷೆಯಲ್ಲಿ) ಎಲ್ಲರೂ ಆಸೆಪಡುವ 8-7-7-7, ಹೆಂಡತಿಯೂ ಪದವೀಧರೆ, ಆಕೆಯೂ ಪರೀಕ್ಷೆ ಬರೆದಿದ್ದಾಳೆ. ಇಷ್ಟನ್ನೂ ನಾವೇ ಓದಿ, ನಾವೇ ಶುಲ್ಕ ಕಟ್ಟಿ ಮಾಡಿಕೊಂಡೆವು. ಪಿಆರ್‌ಗೆ ಅರ್ಜಿದಾರರನ್ನು ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯ ಲೆಕ್ಕದಲ್ಲಿ ನಮ್ಮ ಸಿಆರ್‌ಎಸ್ (ಅರ್ಹತೆಯ ಒಟ್ಟು) ಅಂಕ 408ಕ್ಕೆ ನಿಂತಿತು. ಅದು ಸಾಲದೆಂದು ಈ ದಾರಿಯಲ್ಲಿರುವವರಿಗೆಲ್ಲ ಗೊತ್ತು. ಆ ಕೊರತೆ ತುಂಬಲು ಕಾನೂನಿನೊಳಗೆ ಏನು ದಾರಿಯಿದೆ ಎಂದು ಕೇಳಲು ನಾವು ಅವರ ಕಚೇರಿಯ ಮೆಟ್ಟಿಲು ಹತ್ತಿದ್ದು.

ಅಲ್ಲಿ ಕುಳಿತಿದ್ದವರು ನಮ್ಮ ಕಾಗದಗಳನ್ನು ಎರಡು ನಿಮಿಷ ತಿರುವಿ ಹಾಕಿ, ಬಹಳ ಪ್ರೀತಿಯಿಂದ, “ಸರ, ನಿಮ್ಮ ಪ್ರೊಫೈಲ್ ಬಂಗಾರದಂಗ ಐತ್ರಿ, ಬರೇ ಪಾಯಿಂಟ್ ಕಮ್ಮಿ. ಜಾಬ್ ಆಫರ್ ಹಾಕಿದ್ರ ಐವತ್ತು ಸೀದಾ ಕೂಡ್ತಾವ, ಆಮ್ಯಾಲೆ ಪ್ರಾವಿನ್ಸಿನವರ ನಿಮ್ಮನ್ನ ಕರೀತಾರ” ಎಂದರು. ಕೆನಡಾ ಸರ್ಕಾರದ ಜಾಲತಾಣದ ಪುಟವನ್ನೇ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆಯನ್ನು ಮೇಜಿನ ಗಾಜಿನ ಕೆಳಗಿನಿಂದ ತೆಗೆದು ನಮ್ಮ ಮುಂದಿಟ್ಟರು. ಅದರಲ್ಲಿ ಉದ್ಯೋಗ ಪ್ರಸ್ತಾವಕ್ಕೆ 50 ಅಂಕ, ಹಿರಿಯ ವ್ಯವಸ್ಥಾಪಕರ ಹುದ್ದೆಗಾದರೆ 200 ಅಂಕ ಎಂದು ಸ್ಪಷ್ಟವಾಗಿತ್ತು. ಆ ಸರ್ಕಾರದ ಪ್ರತಿಯೊಂದು ಪುಟದ ಕೆಳಗೂ ಅದನ್ನು ಕೊನೆಯ ಬಾರಿ ಬದಲಿಸಿದ ದಿನಾಂಕ ಇರುತ್ತದೆ. ಅವರ ಹಾಳೆಯಲ್ಲಿ ಆ ಭಾಗವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಆಮೇಲೆ ಲ್ಯಾಮಿನೇಟ್ ಮಾಡಿಸಿದ್ದರು. ಗೊತ್ತಿದ್ದೂ ಮಾಡಿದ ಮೋಸ ಇದು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಿಜ ಸಂಗತಿ ಹೀಗಿದೆ. ಹಣ ಕೊಟ್ಟು ಉದ್ಯೋಗ ಪತ್ರ ಕೊಳ್ಳುವ ದಂಧೆ ಹೆಚ್ಚಿತೆಂಬ ಕಾರಣಕ್ಕೇ ಕೆನಡಾದ ವಲಸೆ ಸಚಿವರು 2024ರ ಡಿಸೆಂಬರಿನಲ್ಲಿ ಈ ಅಂಕಗಳನ್ನು ತೆಗೆಯುವುದಾಗಿ ಪ್ರಕಟಿಸಿದರು. 2025ರ ಮಾರ್ಚ್ 25ರಿಂದ ಅದು ಜಾರಿಗೆ ಬಂತು. ಅಂದರೆ ಯಾವ ದಂಧೆಯನ್ನು ನಿಲ್ಲಿಸಲು ಅಂಕ ತೆಗೆದರೋ, ಅದೇ ದಂಧೆಯನ್ನು ಇವರು ನಾಲ್ಕು ತಿಂಗಳ ನಂತರ ಅದೇ ಅಂಕದ ಹೆಸರಿನಲ್ಲಿ ನನ್ನ ಮುಂದೆ ನಡೆಸಿದರು. ಇನ್ನೊಂದು ಮಾತು. ಪರದೇಶದ ಕೆಲಸಗಾರನನ್ನು ತೆಗೆದುಕೊಳ್ಳಲು ಅಲ್ಲಿನ ಮಾಲೀಕನು ಪಡೆಯಬೇಕಾದ ಎಲ್‌ಎಂಐಎ ಅನುಮತಿಗೆ ಪ್ರತಿ ಹುದ್ದೆಗೆ 1,000 ಕೆನಡಾ ಡಾಲರ್ ಶುಲ್ಕವಿದೆ. ಆ ಶುಲ್ಕವನ್ನು ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ನಮ್ಮಿಂದ “ಎಲ್‌ಎಂಐಎ ಚಾರ್ಜ್” ಎಂದೇ ₹3,50,000 ಪಡೆದರು. ಉಳಿದ ₹1,25,000 ನೋಂದಣಿ, ದಾಖಲೆ, “ಯೂನಿವರ್ಸಿಟಿ ಲೈಸನಿಂಗ್” (ವಿಶ್ವವಿದ್ಯಾಲಯದಲ್ಲಿ ಓಡಾಡಿ ಕಾಗದ ಮಾಡಿಸುವುದು) ಎಂಬ ಬಾಬ್ತುಗಳಿಗೆ. ವಿಟಿಯು ಇರುವುದೇ ನಮ್ಮ ಮಚ್ಛೆಯ ಜ್ಞಾನಸಂಗಮದಲ್ಲಿ. ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿದವನು ನಾನು, ಪಡೆದು ತಂದವನೂ ನಾನು. ಅದಕ್ಕೂ ಇವರು ಬಿಲ್ ಹಾಕಿದ್ದಾರೆ.

ಕೆಲವು ವಾರಗಳ ನಂತರ ಪತ್ರ ಬಂತು. ಒಂಟಾರಿಯೊ ಪ್ರಾಂತ್ಯದ ಒಂದು ಕಾರ್ಖಾನೆಯ ಲೆಟರ್‌ಹೆಡ್, ವಾರ್ಷಿಕ ಸಂಬಳ, ಹುದ್ದೆಯ ಹೆಸರು, ಕೆಳಗೆ ನೀಲಿ ಶಾಯಿಯ ಸಹಿ. ಮನೆಯಲ್ಲಿ ದೇವರ ಮುಂದಿಟ್ಟು ಪೂಜೆ ಮಾಡಿದ ಪತ್ರ ಅದು. ಆದರೆ ವಿಳಾಸದ ಕೊನೆಯಲ್ಲಿದ್ದ ಅಂಚೆ ಸಂಕೇತ ‘ವಿ’ ಅಕ್ಷರದಿಂದ ಶುರುವಾಗುತ್ತಿತ್ತು. ಕೆನಡಾದಲ್ಲಿ ‘ವಿ’ಯಿಂದ ಶುರುವಾಗುವ ಸಂಕೇತಗಳು ಬ್ರಿಟಿಷ್ ಕೊಲಂಬಿಯಾದವು, ಒಂಟಾರಿಯೊದ ಸಂಕೇತಗಳು ಕೆ, ಎಲ್, ಎಂ, ಎನ್, ಪಿ ಅಕ್ಷರಗಳಿಂದ ಶುರುವಾಗುತ್ತವೆ. ಇದನ್ನು ತೋರಿಸಿಕೊಟ್ಟವನು ಅಲ್ಲಿ ನೆಲೆಸಿರುವ ನನ್ನ ಸಹೋದ್ಯೋಗಿಯ ತಮ್ಮ. ಪತ್ರದ ಫೋಟೊ ನೋಡಿದ ಕೂಡಲೇ, “ಅಣ್ಣಾ, ಇದು ಧಾರವಾಡದ ವಿಳಾಸಕ್ಕ ಕೇರಳದ ಪಿನ್ ಹಾಕಿದಂಗ ಆತು. ಮತ್ತ ಆ ಪಾಯಿಂಟ್ ಮಾರ್ಚಿನ್ಯಾಗ ಹೋಗ್ಯಾವು, ನಿಮಗ ಯಾರೂ ಹೇಳಿಲ್ಲೇನು?” ಎಂದು ಕೇಳಿದ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಹೋಗಿ ನಿಂತೆ. ನನ್ನ ಪ್ರೊಫೈಲನ್ನು ನನ್ನ ಕಣ್ಣೆದುರಿಗೆ ತೆರೆದು ತೋರಿಸಿ ಎಂದು ಪಟ್ಟು ಹಿಡಿದೆ. ಸರ್ವರ್ ಡೌನ್ ಎಂದರು, ಮೇಡಂ ರಜೆಯಲ್ಲಿದ್ದಾರೆ ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಕಂಪ್ಯೂಟರ್ ಮುಂದೆ ಕೂರುವ ಹುಡುಗ ಲಾಗಿನ್ ಮಾಡಿ ಪರದೆಯನ್ನು ನನ್ನತ್ತ ತಿರುಗಿಸಿದ. ಅದರಲ್ಲಿ ನನ್ನ ಹೆಸರಿತ್ತು, ನನ್ನ ಪಾಸ್‌ಪೋರ್ಟ್ ಸಂಖ್ಯೆ ಇತ್ತು. ಇಮೇಲ್ ಇರಬೇಕಾದ ಜಾಗದಲ್ಲಿ ನಾನು ಎಂದೂ ಕಂಡಿರದ ಒಂದು ವಿಳಾಸವಿತ್ತು, ನನ್ನ ಹೆಸರಿನ ಮುಂದೆ ಅವರ ಸಂಸ್ಥೆಯ ಎರಡಕ್ಷರ ಸೇರಿಸಿ ಮಾಡಿದ್ದು. ಫೋನ್ ಸಂಖ್ಯೆಯೂ ನನ್ನದಲ್ಲ. ಅರ್ಜಿಗೆ ಪ್ರತಿನಿಧಿ ಇದ್ದಾರೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ತುಂಬಿದ್ದರು. ಉದ್ಯೋಗ ಪ್ರಸ್ತಾವದ ವಿವರವನ್ನೆಲ್ಲ ಭರ್ತಿ ಮಾಡಿದ್ದರು. ಅಷ್ಟಾದರೂ ಅಂಕದ ಜಾಗದಲ್ಲಿ ಇದ್ದದ್ದು 408. ನಾವು ಮನೆಯಲ್ಲಿ ಲೆಕ್ಕ ಹಾಕಿದಾಗ ಬಂದದ್ದೇ, ಒಂದು ಅಂಕವೂ ಹೆಚ್ಚಿಲ್ಲ. ನಾಲ್ಕೂ ಮುಕ್ಕಾಲು ಲಕ್ಷ ರೂಪಾಯಿ ಕೊಟ್ಟು ನಾವು ಇದ್ದಲ್ಲಿಯೇ ನಿಂತಿದ್ದೆವು. ಆ ಹುಡುಗ ನನ್ನ ಮುಖ ನೋಡಲಾರದೆ ಕೀಬೋರ್ಡ್ ನೋಡುತ್ತ ಕುಳಿತ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಅವರು ಕೊಟ್ಟ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ, ನೀವೂ ಕೇಳಿಸಿಕೊಳ್ಳಿ. ಮೊದಲಿಗೆ, “ಸರ, ಅದು ಮ್ಯಾಲ ಹಂಗ ತೋರಸ್ತೈತಿ, ಒಳಗ ಆಫೀಸರ್ ಕಡೆ ಬ್ಯಾರೆ ಸ್ಕೋರ್ ಇರ್ತೈತಿ.” ಅಂಥದ್ದೇನೂ ಇಲ್ಲ. ಪರದೆಯ ಮೇಲೆ ಕಾಣುವುದೇ ಅಂಕ, ಅದನ್ನು ಆ ವ್ಯವಸ್ಥೆಯೇ ಎಣಿಸುತ್ತದೆ. ಸಂಜೆ ವಾಟ್ಸಾಪ್‌ನಲ್ಲಿ, “ರೂಲ್ ಚೇಂಜ್ ಆಗಿದ್ದು ಹೊಸಾ ಅಪ್ಲಿಕೇಶನ್‌ದವರಿಗೆ, ನಿಮಗಲ್ಲ.” ನನ್ನ ಪ್ರೊಫೈಲ್ ಮಾಡಿದ್ದೇ ಆಗಸ್ಟಿನಲ್ಲಿ. ಎರಡು ದಿನ ಬಿಟ್ಟು, “ಅಗ್ರಿಮೆಂಟ್ ಓದಿ ಸಹಿ ಮಾಡೀರಲ್ಲ ಸರ, ಸರ್ವಿಸ್ ಚಾರ್ಜ್ ನಾನ್-ರಿಫಂಡೇಬಲ್ ಅಂತ ಬರದೈತಿ.” ಆಮೇಲೆ ಉಪಕಾರ ಮಾಡುವವರಂತೆ, “ಬೇಕಾದ್ರ ಅದ ಅಮೌಂಟಿನ್ಯಾಗ ಪೋಲಂಡ್ ವರ್ಕ್ ವೀಸಾ ಮಾಡಿಕೊಡ್ತೀವಿ.” ನಾನು ಪೊಲೀಸ್ ದೂರಿನ ಮಾತೆತ್ತಿದ ಮೇಲೆ ಬಂದ ಉತ್ತರವನ್ನು ಮಾತ್ರ ನಾನು ಸಾಯುವವರೆಗೂ ಮರೆಯಲಾರೆ: “ಕಂಪ್ಲೇಂಟ್ ಮಾಡ್ರಿ ಸರ. ಪ್ರೊಫೈಲ್ ಇರೋದು ನಿಮ್ಮ ಹೆಸರಿಗೆ. ಫೇಕ್ ಲೆಟರ್ ಹಾಕಿದವ್ರು ನೀವು. ಬ್ಯಾನ್ ಆಗೋದು ನಿಮಗ.”

ಇದೊಂದು ಮಾತನ್ನು ಮಾತ್ರ ಅವರು ಸುಳ್ಳು ಹೇಳಲಿಲ್ಲ. ಕೆನಡಾದ ವಲಸೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಸುಳ್ಳು ಮಾಹಿತಿ ಅಥವಾ ನಕಲಿ ದಾಖಲೆ ಕೊಟ್ಟವರಿಗೆ ಐದು ವರ್ಷ ಪ್ರವೇಶ ನಿಷೇಧ. ದಾಖಲೆ ತಯಾರಿಸಿದವನು ಏಜೆಂಟನೆಂದು ಹೇಳಿದರೂ ಹೊಣೆ ಅರ್ಜಿದಾರನದೇ. 2023ರಲ್ಲಿ ನಕಲಿ ಪ್ರವೇಶ ಪತ್ರಗಳ ಕಾರಣ ಗಡೀಪಾರಿನ ನೋಟಿಸು ಪಡೆದು ಬೀದಿಯಲ್ಲಿ ಕುಳಿತ ಪಂಜಾಬಿನ ವಿದ್ಯಾರ್ಥಿಗಳ ಸುದ್ದಿಯನ್ನು ನೀವೆಲ್ಲ ನೋಡಿದ್ದೀರಿ. ಆ ಪತ್ರಗಳನ್ನೂ ಏಜೆಂಟನೇ ಕೊಟ್ಟಿದ್ದ. ಪ್ರತಿನಿಧಿ ‘ಇಲ್ಲ’ ಎಂದು ತುಂಬಿದ್ದರ ಅರ್ಥ ನನಗೆ ಆಗ ತಿಳಿಯಿತು. ಹಣ ಪಡೆದು ಕೆನಡಾ ಅರ್ಜಿ ನಡೆಸುವವರು ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ (ಸಲಹೆಗಾರರನ್ನು ನಿಯಂತ್ರಿಸುವ ಸಂಸ್ಥೆಯ) ಸದಸ್ಯರಾಗಿರಬೇಕು, ಇಲ್ಲವೇ ಅಲ್ಲಿನ ವಕೀಲರಾಗಿರಬೇಕು. ಸದಸ್ಯರ ಪಟ್ಟಿ ಆ ಕಾಲೇಜಿನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಇವರ ಹೆಸರು ಅದರಲ್ಲಿಲ್ಲ. ಆದ್ದರಿಂದ ಎಲ್ಲವನ್ನೂ ನನ್ನ ಹೆಸರಿನ ಮರೆಯಲ್ಲಿ ಮಾಡಿ, ಕೀಲಿಕೈಯನ್ನು ಮಾತ್ರ ತಮ್ಮ ಬಳಿ ಇಟ್ಟುಕೊಂಡರು.

ಹೋದ ಹಣದಲ್ಲಿ ದೊಡ್ಡ ಪಾಲು ಬೈಲಹೊಂಗಲದ ಕಡೆ ನಮ್ಮ ಅಪ್ಪ ಬೆಳೆದ ಕಬ್ಬಿನ ಬಿಲ್ಲಿನದು. ಊರಿಗೆ ಹೋದರೆ ಕಟ್ಟೆಯ ಮೇಲೆ ಕುಳಿತವರೆಲ್ಲ “ಏನಪಾ, ಕೆನಡಾಕ್ಕ ಯಾವಾಗ ಹೊಂಟಿ?” ಎಂದು ಕೇಳುತ್ತಾರೆ. ಅಪ್ಪ ನನಗಿಂತ ಮೊದಲೇ “ಇನ್ನ ಟೈಮ್ ಐತಿ” ಎಂದು ಉತ್ತರಿಸಿ ಮಾತು ಬದಲಿಸುತ್ತಾರೆ. ನನ್ನ ಮಾನ ಉಳಿಸಲು ಆ ವಯಸ್ಸಿನಲ್ಲಿ ಅವರು ಸುಳ್ಳು ಹೇಳಬೇಕಾಗಿ ಬಂದಿದೆ. ಇತ್ತ ಇವರು ದಿನ ದೂಡುತ್ತಿದ್ದ ಅವಧಿಯಲ್ಲಿ ನನಗೆ 33 ತುಂಬಿತು. ಹೆಂಡತಿಯೊಂದಿಗೆ ಅರ್ಜಿ ಹಾಕುವವರಿಗೆ 32ನೇ ವಯಸ್ಸಿನಲ್ಲಿ 85 ಅಂಕ, 33ರಲ್ಲಿ 80. ಈಗ ನನ್ನ ಅಂಕ 403. ಐಇಎಲ್‌ಟಿಎಸ್ ಫಲಿತಾಂಶದ ಎರಡು ವರ್ಷದ ಅವಧಿಯೂ ಕರಗುತ್ತಿದೆ. ಹಣವನ್ನು ಆಯೋಗ ಕೊಡಿಸಬಹುದು, ಈ ಅಂಕಗಳನ್ನು ಯಾರು ಕೊಡಿಸುತ್ತಾರೆ?

ಪ್ರಾಮಾಣಿಕ ಸಲಹೆಗಾರನಾಗಿದ್ದರೆ ಮೊದಲ ದಿನವೇ ಫ್ರೆಂಚ್ ಕಲಿಯಿರಿ ಎಂದು ಹೇಳಿ ಕಳಿಸುತ್ತಿದ್ದ. ಫ್ರೆಂಚ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ ಏಳನೆಯ ಮಟ್ಟ ಮುಟ್ಟಿದವರನ್ನು ಪಿಆರ್‌ಗೆ ಆಹ್ವಾನಿಸುವ ಪ್ರತ್ಯೇಕ ಸುತ್ತುಗಳು 2023ರಿಂದ ನಡೆಯುತ್ತಿವೆ, 2025ರ ಮಾರ್ಚ್ 21ರ ಫ್ರೆಂಚ್ ಸುತ್ತಿನಲ್ಲಿ ಕನಿಷ್ಠ ಅಂಕ 379ಕ್ಕೆ ನಿಂತಿತ್ತು. ಕಷ್ಟದ ದಾರಿ ಹೌದು, ಆದರೆ ಅದು ಸರ್ಕಾರವೇ ತೆರೆದಿಟ್ಟ ದಾರಿ. ಅದನ್ನು ಹೇಳಿದರೆ ಇವರಿಗೆ ಮೂರೂವರೆ ಲಕ್ಷ ಸಿಗುತ್ತಿರಲಿಲ್ಲ.

ಇಷ್ಟನ್ನು ನೆನಪಿಡಿ. ಎಕ್ಸ್‌ಪ್ರೆಸ್ ಎಂಟ್ರಿ ಪ್ರೊಫೈಲ್ ಮಾಡಲು ಕೆನಡಾ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ, ನಿಮ್ಮ ಇಮೇಲ್‌ನಿಂದ ನೀವೇ ಮಾಡಿ. ಯಾರಾದರೂ ಮುದ್ರಿತ ಹಾಳೆ ತೋರಿಸಿದರೆ ಅದೇ ಪುಟವನ್ನು ನಿಮ್ಮ ಮೊಬೈಲ್‌ನಲ್ಲಿ ಅಲ್ಲಿಯೇ ತೆರೆದು ಕೆಳಗಿನ ದಿನಾಂಕ ನೋಡಿ. ವಿದೇಶದ ಕೆಲಸ ಕೊಡಿಸುತ್ತೇವೆ ಎಂದು ಹಣ ಕೇಳುವವರು ಭಾರತದ 1983ರ ವಲಸೆ ಕಾಯ್ದೆಯಡಿ ನೋಂದಣಿ ಪತ್ರ ಹೊಂದಿರಬೇಕು. ಅಂಥವರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಮತ್ತು ನೋಂದಾಯಿತರು ಕೂಡ ₹30,000 ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ನಮ್ಮಿಂದ ಪಡೆದದ್ದಕ್ಕೂ ಇದಕ್ಕೂ ಇರುವ ಅಂತರವನ್ನು ನೀವೇ ನೋಡಿ.

ಈಗಾಗಲೇ ಹಣ ಕೊಟ್ಟಿರುವವರು ಮೊದಲು ಮೂಲ ಅಂಕಪಟ್ಟಿಗಳನ್ನೂ ಪಾಸ್‌ಪೋರ್ಟನ್ನೂ ವಾಪಸು ಪಡೆಯಿರಿ, ಜಗಳ ಆಮೇಲೆ ಮಾಡಿ. ನಾನು ಕೆನಡಾದ ವಲಸೆ ಇಲಾಖೆಗೆ ಎಲ್ಲ ದಾಖಲೆಗಳೊಂದಿಗೆ ವಿವರವಾಗಿ ಬರೆದು, ನನ್ನ ಹೆಸರಿನ ಆ ಪ್ರೊಫೈಲನ್ನು ಹಿಂತೆಗೆಯುವಂತೆ ಕೋರಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ನಾನ್-ರಿಫಂಡೇಬಲ್ ಎಂಬ ಪದಕ್ಕೆ ಹೆದರಿ ಸುಮ್ಮನಿರಬೇಡಿ ಎಂದು ನಮ್ಮ ವಕೀಲರು ಹೇಳಿದ್ದಾರೆ. ಟಿಳಕವಾಡಿಯ ಆ ಲ್ಯಾಮಿನೇಟ್ ಹಾಳೆಯನ್ನು ನೋಡಿ ಹಣ ಕಟ್ಟಿದವರು ಬೇರೆ ಯಾರಾದರೂ ಇದ್ದರೆ ರಸೀದಿ, ಒಪ್ಪಂದ, ವಾಟ್ಸಾಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ನನ್ನನ್ನು ಸಂಪರ್ಕಿಸಿ. ದೂರನ್ನು ಎಲ್ಲರೂ ಸೇರಿ ಕೊಡೋಣ.